ಮೊದಲ ಪೆಟ್ಟು

ಹಾರ್ಲಿಂಗನ್
ಗುರುವಾರ, ೯ ಅಕ್ಟೋಬರ್

ಪ್ರಿಯ ಯಿಕ್ಕೆ,

ಬೇರೆಯಾದ ಮೇಲೆ ನಾನು ನಿನಗೆ ಬರೆದದ್ದೆಲ್ಲ ಮನೆಯ ಬಾಯ್ಲರ್ ಮತ್ತು ತೆರಿಗೆಯ ವಿಚಾರ. ಇದನ್ನೂ ಕೆಲಸದ ಪತ್ರವೆಂದೇ ಓದು.

ಶನಿವಾರದ ಕಡಲದಂಡೆ ಕಾವಲಿನ ಸ್ವಯಂಸೇವಕರ ಕವಾಯತಿನಲ್ಲಿ ಉತ್ತರದ ಕೊನೆಯ ಠಾಣೆಯ ವೈರ್‌ಲೆಸ್ ನಿನ್ನ ಪಾಲಿಗೆ ಬಂದಿದೆಯೆಂದು ತಿಳಿಯಿತು. ಈ ತುದಿಯ ಕಚೇರಿಯಿಂದ ನೀರಿನ ಮಟ್ಟದ ಸಂದೇಶ ಓದುವವನು ನಾನು. ಮಾರ್ಚ್‌ನಲ್ಲಿ ನನಗೆ ಪಾರ್ಶ್ವವಾಯು ಹೊಡೆದದ್ದು ಮಗಳಿಂದ ನಿನಗೆ ಗೊತ್ತು. ಕೈಕಾಲು ಸರಿಹೋಗಿವೆ. ಆದರೆ ಉದ್ದನೆಯ ಪದಗಳು ಬಾಯಲ್ಲಿ ನಡುವೆಯೇ ನಿಂತುಬಿಡುತ್ತವೆ. ಶನಿವಾರ ಸಂದೇಶವನ್ನು ನಾನೇ ಪೂರ್ತಿ ಓದಿದರೆ ಚಳಿಗಾಲದ ಬಿರುಗಾಳಿ ಪಾಳಿ ನನ್ನ ಬಳಿಯೇ ಉಳಿಯುತ್ತದೆ. ಇಲ್ಲವಾದರೆ ನನ್ನನ್ನು ನಕ್ಷೆಗಳ ಕೋಣೆಗೆ ಕಳಿಸುತ್ತಾರೆ.

ನಮ್ಮ ಭಾಷೆ ಪದಕ್ಕೆ ಪದ ಬೆಸೆಯುವುದು ಹಿಂದೆಂದೂ ನನ್ನನ್ನು ಹೆದರಿಸಿರಲಿಲ್ಲ. ‘ವಾಟರ್‌ಸ್ಟಾಂಟ್’ ಎಂದರೆ ಈಗಿರುವ ನೀರಿನ ಮಟ್ಟ. ಅದಕ್ಕೆ ‘ಸ್’ ಬೆಸೆದು ‘ಫರ್‌ವಾಖ್ಟಿಂಗ್’ ಸೇರಿದರೆ ಮುಂದೆ ಬರಲಿರುವ ಮಟ್ಟ. ಕಳೆದ ವಾರ ಈ ಪದದ ನಡುವೆ ನಾನು ನಿಂತುಬಿಟ್ಟೆ. ಆ ತುದಿಯವರು ಅರ್ಧವನ್ನೇ ಪೂರ್ತಿಯೆಂದುಕೊಂಡು, ನೀರು ಬಂದೇಬಿಟ್ಟಿತೆಂದು ಬಂದರಿನ ಬಾಗಿಲು ಮುಚ್ಚಲು ಓಡಿದರು.

ಕಾಫಿಯ ಹೊತ್ತಿಗೆ ನಮ್ಮ ಮುಖ್ಯಸ್ಥ ಡೌವ, “ಲೇ ವೀಬ್ರೆನ್, ನಿನ್ನ ಪದ ಮುಗಿಯೋವರೆಗೂ ಅಲ್ಲೇ ನಿಂತಿರಪ್ಪಾ ಅಂತ ಸಮುದ್ರಕ್ಕೇ ಹೇಳ್ಬಿಡೋಣ್ವೇನೋ?” ಎಂದ. ಎಲ್ಲರೊಡನೆ ನಾನೂ ನಕ್ಕೆ. ನಮ್ಮಲ್ಲಿ ಒಬ್ಬರಿಗೆ ಒಂದೇ ಬಿಸ್ಕತ್ತು. ಅವನು ಡಬ್ಬಿಯನ್ನು ಎರಡನೆಯ ಸಲ ನನ್ನ ಮುಂದೆ ಹಿಡಿದ. ಆ ಕನಿಕರ ಕಂಡು ನನಗೆ ನಿಜವಾಗಿ ಹೆದರಿಕೆಯಾಯಿತು.

ಮಾತಿನ ಚಿಕಿತ್ಸೆ ಮಾಡುವ ಫೆನ್ನಾ ಮೇಜಿನ ಮೇಲೆ ಬೆರಳಿನಿಂದ ತಟ್ಟಿಸುತ್ತಾಳೆ: ವಾ-ಟರ್-ಸ್ಟಾಂಟ್ಸ್-ಫರ್-ವಾಖ್-ಟಿಂಗ್. ‘ವಾ’ಗೆ ದೊಡ್ಡ ಪೆಟ್ಟು, ‘ವಾಖ್’ಗೆ ಸಣ್ಣದು. “ಓಡ್ಬೇಡಿ ವೀಬ್ರೆನ್. ಮೊದಲನೇ ಪೆಟ್ಟು ಗಟ್ಟಿಯಾಗಿ ಬೀಳ್ಲಿ, ಉಳಿದವು ಅದರ ಹಿಂದೇನೇ ಬರ್ತವೆ” ಎನ್ನುತ್ತಾಳೆ. ಒಬ್ಬನೇ ಇದ್ದಾಗ ಬರುತ್ತವೆ. ಯಾರಾದರೂ ಕಾಯುತ್ತಿದ್ದಾರೆಂದರೆ ಬೆರಳೇ ಏಳುವುದಿಲ್ಲ.

ಆದ್ದರಿಂದ ಒಂದು ಕೋರಿಕೆ. ನಾನು ನಡುವೆ ನಿಂತರೆ ಪದವನ್ನು ನೀನು ಮುಗಿಸಬೇಡ. ಊಟದ ಮೇಜಿನಲ್ಲಿ ನನ್ನ ವಾಕ್ಯಗಳನ್ನು ನೀನೇ ಮುಗಿಸಿ, “ನಿನ್ನ ಮಾತು ಬರೋಷ್ಟರಲ್ಲಿ ಆಲೂಗಡ್ಡೆ ತಣ್ಣಗಾಗತ್ತೆ ಮಾರಾಯಾ” ಎನ್ನುತ್ತಿದ್ದೆ. ಶನಿವಾರ ತಣ್ಣಗಾದರೂ ಆಗಲಿ, ಕಾಯಬೇಕು.

ಗಾಳಿ ಜೋರಿರಬಹುದು, ದಪ್ಪ ಕೋಟು ಹಾಕಿಕೊಂಡು ಬಾ.

ನಿನ್ನ ಕ್ಷೇಮ ಬಯಸುವ,
ವೀಬ್ರೆನ್

ಮತ್ತೆ: ಆ ಠಾಣೆ ನಿನ್ನ ಪಾಲಿಗೆ ತಾನಾಗಿ ಬಂದದ್ದಲ್ಲ. ಡೌವನನ್ನು ಕೇಳಿ ನಾನೇ ನಿನ್ನನ್ನು ಅಲ್ಲಿಗೆ ಹಾಕಿಸಿದೆ. ಮೇಲಿನ ಕೋರಿಕೆಗೆ ಒಂದು ತಿದ್ದುಪಡಿಯೂ ಇದೆ: ನಾನು ಬಹಳ ಹೊತ್ತು ಸುಮ್ಮನಾದರೆ, ಏನೂ ಹೇಳದೆ, ಮೈಕಿನ ಮೇಲೆ ಬೆರಳಿನಿಂದ ಒಂದೇ ಸಲ ಗಟ್ಟಿಯಾಗಿ ತಟ್ಟು. ಉಳಿದದ್ದನ್ನು ನಾನು ಹೇಳುತ್ತೇನೆ.