ಐವತ್ತರ ಮುಳ್ಳು

ಗುರುವಾರ, 13 ನವೆಂಬರ್ 2025

ಸ್ಪೀಡ್ ಮೀಟರಿನ ಮುಳ್ಳು ಐವತ್ತಕ್ಕೇ ನಿಂತಿತ್ತು. ನಾನು ಕಣ್ಣಾರೆ ನೋಡಿದ್ದೇನೆ. ಆದರೂ ಅವ್ವ ಹೇಳಿದ್ದೇ ನಿಜವಂತೆ.

ಅಪ್ಪನ ಅಂಬಾಸಿಡರ್‌ನ ಹಿಂದಿನ ಗಾಲಿ ತಿರುಗಿಸುವ ಡಿಫರೆನ್ಷಿಯಲ್ ತೆಗೆಸಿ, ಮೊನ್ನೆ ಕೊಳಾರದ ಗ್ಯಾರೇಜಿನಲ್ಲಿ ಹೊಸ ಮಾದರಿಯದನ್ನು ಹಾಕಿಸಿದೆ. ಇವತ್ತು ಅದರಲ್ಲೇ ಅವ್ವನನ್ನು ಕರೆದುಕೊಂಡು ಮೆಹಕರಕ್ಕೆ ಹೊರಟಿದ್ದೆ. ಎಂಜಿನ್ನಿನ ಒದರಾಟವೇ ಇಲ್ಲ, ಹಾಯಾಗಿತ್ತು. ಹಿಂದಿನ ಸೀಟಿನಿಂದ ಅವ್ವನದು ಮಾತ್ರ ಒಂದೇ ರಾಗ.

"ಸಾವಕಾಶ ನಡಸ ಮಾನಸಿ. ನಿಮ್ಮಪ್ಪ ಐವತ್ತು ದಾಟತಿದ್ದಿಲ್ಲ."

"ಐವತ್ತೇ ಅದ ಅವ್ವಾ, ಮೀಟರ್ ನೋಡು!"

"ಮೀಟರ್ ನಂಗ್ಯಾಕ? ಹೊರಗ ಗಿಡಾ ಹ್ಯಾಂಗ ಓಡ್ಲಿಕತ್ತಾವ ನೋಡು."

ರೇಗಿತು. "ನಿನಗ ಗಾಡಿದು ಏನು ತಿಳೀತದ" ಎಂದುಬಿಟ್ಟೆ. ಅವ್ವ ಭಾಲ್ಕಿಯಲ್ಲೇ ಇಳಿದು, ಚೀಲ ಹಿಡಿದುಕೊಂಡು ಮೆಹಕರದ ಬಸ್ ಹತ್ತಿದಳು. ತಿರುಗಿಯೂ ನೋಡಲಿಲ್ಲ.

ವಾಪಸ್ ಬಂದವಳೇ ಕೊಳಾರದ ಗ್ಯಾರೇಜಿನ ಮೇಸ್ತ್ರಿ ಮಂಗೇಶನನ್ನು, ಮೀಟರ್ ತಪ್ಪು ತೋರಿಸುತ್ತಿದೆಯೇ ಎಂದು ಕೇಳಿದೆ.

"ಹೌದ್ರಿ ಅಕ್ಕೋರೆ, ಮೀಟರಿನ ವಾಯರ್ ಗೇರ್‌ಬಾಕ್ಸಿಂದ ಬರ್ತದ. ಹಿಂದ ಡಿಫರೆನ್ಷಿಯಲ್ ಹಲ್ಲು ಬದಲಾಗಿ ಗಾಲಿ ಜೋರ ತಿರಗೋದು ಅದಕ್ಕ ಹ್ಯಾಂಗ ಗೊತ್ತಾಗಬೇಕ್ರಿ? ಅದು ಐವತ್ತಂದ್ರ ಈಗ ಅರವತ್ತರ ಹತ್ರ. ನಿಮಗ ಹೇಳೋದ ಮರತೆ."

ಹಾಗಾದರೆ ಅಪ್ಪನ ಐವತ್ತು ಈಗ ಮುಳ್ಳಿನ ನಲವತ್ತೆರಡೋ, ನಲವತ್ಮೂರೋ? ಇಪ್ಪತ್ತು ವರ್ಷದಿಂದ ಗಾಡಿ ನಡೆಸುವ ನನಗೆ ಗೊತ್ತಾಗದ್ದು, ಸ್ಟಿಯರಿಂಗ್ ಮುಟ್ಟದ ಅವಳಿಗೆ ಹೇಗೆ ಗೊತ್ತಾಯಿತು? ಅಥವಾ ಅವಳು ದಿನಾಲೂ ಹಾಗೇ ಅನ್ನುತ್ತಾಳೆ, ಇವತ್ತು ಮಾತ್ರ ನಿಜವಾಯಿತೋ?

ಸಂಜೆ ಫೋನ್ ಮಾಡಿದೆ. ತಪ್ಪಾಯಿತು ಎನ್ನುವಷ್ಟರಲ್ಲಿ ಅವಳೇ ಕೇಳಿದಳು: "ಮನಿ ಮುಟ್ಟಿದೇನವಾ? ಸಾವಕಾಶ ಬಂದೀ ಇಲ್ಲೋ?"

ಹೂಂ ಎಂದೆ.

ಬಂದದ್ದೂ ಮುಳ್ಳಿನ ಅದೇ ಐವತ್ತರಲ್ಲಿ.