ಯಾವ ಬಣ್ಣದ ದೇವಕಣಗಿಲೆ

ಸುಕೆರ್ತಿ,

ನಿನ್ನ ಬೂದಿಯನ್ನು ಕಡಲಿಗೆ ಬಿಟ್ಟು ಬಂದ ಮೇಲೆ, ಅಂಗಳದ ನಿನ್ನ ದೇವಕಣಗಿಲೆ ಗಿಡಗಳಿಗೆ ದಿನವೂ ಎರಡು ಹೊತ್ತು ನೀರು ಹಾಕಿದೆ. ಬೇರು ಕೊಳೆತು ಎಲ್ಲವೂ ಸತ್ತವು. ದೇವರ ಮುಂದಿಡುವ ತೆಂಗಿನಗರಿಯ ತಟ್ಟೆಗೆ ಈಗ ಉಬುದ್ ಪೇಟೆಯ ಸಂತೆಯಲ್ಲಿ ಕೊಂಡ ಹೂವೇ ಗತಿ.

ಇವತ್ತು ಬೆಳಿಗ್ಗೆ ಮನಸ್ಸು ಗಟ್ಟಿ ಮಾಡಿಕೊಂಡು ಪಕ್ಕದ ಮನೆಯ ರಸ್ತಿಯಕ್ಕನ ಹತ್ತಿರ ಹೋದೆ. ಅವಳ ಅಂಗಳದಲ್ಲಿರುವುದೆಲ್ಲ ನೀನು ಕೊಟ್ಟ ಕೊಂಬೆಗಳಿಂದ ಬೆಳೆದದ್ದೇ.

"ಒಂದು ಕೊಂಬೆ ಬೇಕಿತ್ತಕ್ಕ" ಎಂದೆ.

"ಅಯ್ಯೋ, ನಾನು ಕೊಂಬೆ ಕೇಳೋಕೆ ಬಂದ್ರೆ ಮುಖ ಸಿಂಡರಿಸ್ತಿದ್ದವನು ನೀನೇನಾ?" ಎಂದು ನಗುತ್ತಲೇ ಕತ್ತಿ ತಂದಳು. "ಬಿಳೀದಾ, ಕೆಂಪಾ, ಹಳದೀನಾ? ಅವಳಿಗೆ ಇಷ್ಟವಾದದ್ದು ಯಾವುದು, ಹೇಳು."

ನನಗೆ ಗೊತ್ತಿರಲಿಲ್ಲ. ಮೂರು ಬಣ್ಣದ ಗಿಡಗಳನ್ನೂ ಒಂದೊಂದಾಗಿ ನೋಡಿದೆ. ಅವಳ ನಗು ನಿಂತಿತು.

"ಬಿಳೀದು ಕಣೋ. ದಿನಾ ಮುಡೀತಿದ್ಲಲ್ಲ! ಹಳದೀದು ನಿನಗೋಸ್ಕರ ಬೆಳೆಸಿದ್ದು. ಮದುವೆಯಾದ ಹೊಸದ್ರಲ್ಲಿ ಚೆನ್ನಾಗಿದೆ ಅಂದಿದ್ಯಂತೆ."

ಎರಡನ್ನೂ ಕಡಿದು ಕೊಟ್ಟಳು. "ಕಡಿದ ಜಾಗದ ಹಾಲು ಒಣಗೋವರೆಗೂ ನೆರಳಲ್ಲಿಡು, ಆಮೇಲೆ ನೆಡು. ನೀರು ಮಾತ್ರ ಕೈ ಬಿಗಿ ಹಿಡಿದು ಹಾಕು, ಮಾರಾಯ."

ಈಗ ಎರಡೂ ಜಗಲಿಯ ಗೋಡೆಗೆ ಒರಗಿವೆ. ಸಂಜೆಯಿಂದ ಅವುಗಳ ಪಕ್ಕದಲ್ಲೇ ಕೂತಿದ್ದೇನೆ. ಅನ್ನಕ್ಕೆ ಇನ್ನೂ ಇಟ್ಟಿಲ್ಲ. ಹಳದಿ ಚೆನ್ನಾಗಿದೆ ಎಂದು ನಾನು ಯಾವಾಗ ಹೇಳಿದ್ದೆ, ಸುಕೆರ್ತಿ? ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಹೇಳಿರಬೇಕು. ನೀನು ಸುಳ್ಳು ಹೇಳುವವಳಲ್ಲ.