ನಾಯಿ ಇಲ್ಲದ ಮನೆ

೧೨ ಆಗಸ್ಟ್ ೧೯೯೬, ಸಂಜೆ
ಕೆ.ಆರ್.ಪೇಟೆ ದನದ ಆಸ್ಪತ್ರೆಯಲ್ಲಿ ಇವತ್ತೂ ನಾಯಿಗಳ ಸಂತೆ. ಹುಚ್ಚುನಾಯಿ ರೋಗಕ್ಕೆ ಇಂಜೆಕ್ಷನ್ ಕ್ಯಾಂಪು. ಡಾಕ್ಟರು ಚುಚ್ಚುತ್ತಾರೆ, ಕಾಂಪೌಂಡರ್ ನಾನು ತಬ್ಬಿ ಹಿಡಿಯಬೇಕು. ಒಂದಂತೂ ಮುಖವನ್ನೆಲ್ಲ ನೆಕ್ಕಿಬಿಟ್ಟಿತು. ಕಚ್ಚುವುದಕ್ಕಿಂತ ವಾಸಿ.

ಊರಿಗೆ, ಶೀಳನೆರೆಗೆ ಬಂದರೆ ಉಸಿರಾಡುವಾಗ ಮೇಘನಳ ಎದೆಯಲ್ಲಿ ಮತ್ತೆ ಸಿಳ್ಳೆ. ಆರು ವರ್ಷದ ಮಗಳು... ಹೆಂಡತಿ ಸಾವಿತ್ರಿ ಬಾಣಂತನಕ್ಕೆ ತವರಿಗೆ ಹೋದಾಗಿನಿಂದ ಅವ್ವನೇ ನೋಡಿಕೊಳ್ಳುವುದು.

"ಥಂಡಿ ಕಣ್ಲಾ, ಎದುರ್ಕೋಬ್ಯಾಡ."

ಹೆದರದೆ ಏನು ಮಾಡಲಿ?

೧೯ ಆಗಸ್ಟ್
ನಿನ್ನೆ ಮೇಘನಳಿಗೆ ಉಸಿರು ಕಟ್ಟಿ ತುಟಿ ನೀಲಿಯಾಯಿತು. ಬಾಡಿಗೆ ಕಾರು, ಮೈಸೂರು, ಆಕ್ಸಿಜನ್. ಉಳಿದಳು.

೨ ಸೆಪ್ಟೆಂಬರ್
ಮೈಸೂರಿನ ಅಲರ್ಜಿ ಡಾಕ್ಟರು ಅವಳ ಮುಂಗೈ ಮೇಲೆ ಹನಿ ಹನಿ ಔಷಧಿ ಬಿಟ್ಟು ಮೆತ್ತಗೆ ಚುಚ್ಚಿದರು. ಧೂಳಿನ ಹನಿ, ಬೆಕ್ಕಿನದು, ಜಿರಳೆಯದು — ಏನೂ ಆಗಲಿಲ್ಲ. ಒಂದು ಕಡೆ ಮಾತ್ರ ದಪ್ಪನೆ ದದ್ದು ಎದ್ದಿತು.

"ನಾಯಿ. ಮನೇಲಿ ಸಾಕಿದೀರಾ?"

"ಇಲ್ಲ ಸಾರ್. ಬೀದಿ ನಾಯೀನೂ ನಮ್ಮವ್ವ ಜಗಲಿ ಹತ್ತಕ್ಕೆ ಬುಡಲ್ಲ."

"ಕೂದಲು ಒಂದೇ ಅಲ್ಲ. ಎಂಜಲು, ಚರ್ಮದ ಹೊಟ್ಟು... ಒಣಗಿ ಬಟ್ಟೆಗೆ ಅಂಟ್ಕೊಂಡು ಬರುತ್ತೆ. ಎಲ್ಲಿಂದ ಅಂತ ಮೊದಲು ಹುಡುಕಿ. ಆಮೇಲೆ ಅದನ್ನೇ ಚೂರುಚೂರು ಇಂಜೆಕ್ಷನ್ ಕೊಟ್ಟು ಮೈಗೆ ಒಗ್ಗಿಸೋಣ. ಅಷ್ಟರಲ್ಲಿ ಇನ್ನೊಂದು ಸಲ ಹೀಗಾದ್ರೆ..."

ಬಸ್ಸಿನಲ್ಲಿ ಮೇಘನ ನನ್ನ ಎದೆಗೆ ಒರಗಿ ಮಲಗಿದ್ದಳು. ಆಗ ಹೊಳೆಯಿತು. ದಿನಾ ನಾಯಿಯನ್ನು ಮನೆಗೆ ತರುತ್ತಿರುವವನು ನಾನೇ.

೩ ಸೆಪ್ಟೆಂಬರ್
ಅಂಗಿ ಕೊಟ್ಟಿಗೆಯಲ್ಲೇ ಬಿಚ್ಚಿ, ಹಿತ್ತಿಲಲ್ಲಿ ಸ್ನಾನ ಮಾಡಿ ಒಳಗೆ ಬಂದೆ. ಅವ್ವ ನಕ್ಕಳು. "ಮಗೀನ ಮುಟ್ಟಕ್ಕೂ ಮಡಿ ಏನ್ಲಾ ನಿಂದು?"

೯ ಸೆಪ್ಟೆಂಬರ್
ಮತ್ತೆ ಸಿಳ್ಳೆ. ಇಷ್ಟೆಲ್ಲ ಮಾಡಿಯೂ! ಮೈಸೂರಿನಲ್ಲಿ ಕೊಟ್ಟ, ಬಾಯಿಗೆ ಔಷಧಿ ಹೊಡೆಯುವ ಪಂಪು ಖಾಲಿಯಾಗುತ್ತಾ ಬಂತು. ಇನ್ನೆಲ್ಲಿ ಹುಡುಕಲಿ? ತಲೆ ಕೆಟ್ಟುಹೋಗಿದೆ.

೧೦ ಸೆಪ್ಟೆಂಬರ್, ಸಂಜೆ
ಸ್ನಾನ ಮುಗಿಸಿ ಬಂದರೆ ಮೇಘನ ಮಲಗಿದ್ದಾಳೆ. ಮೇಲೆ ನನ್ನ ಅಂಗಿ. ಈಗತಾನೆ ಕೊಟ್ಟಿಗೆಯಲ್ಲಿ ಬಿಚ್ಚಿಟ್ಟದ್ದು. ತೋಳು ಅವಳ ಮೂಗಿನ ಮೇಲೆ.

"ಅಪ್ಪನ ಬೆವ್ರು ವಾಸ್ನೆ ಇದ್ರೆ ಕೂಸು ಬೆಚ್ಚಿಬೀಳಾಕಿಲ್ಲ ಕಣ್ಲಾ. ದಿನಾ ಮುಚ್ತೀನಿ. ನಿಂಗೂ ಇಂಗೇ ಮುಚ್ತಿದ್ದೆ."

ಕಿತ್ತು ಅಂಗಳಕ್ಕೆ ಎಸೆದೆ. ಅವ್ವನ ಮೇಲೆ ಕೂಗಾಡಿದೆ. ಪಾಪ, ಅವಳಿಗೇನು ಗೊತ್ತು. ಅಂಗಿ ಯಾಕೆ ಹೊರಗೆ ಬಿಚ್ಚುತ್ತೇನೆ ಅಂತ ನಾನು ಹೇಳಿಯೇ ಇರಲಿಲ್ಲ. ಪಂಪು ಕೊಟ್ಟ ಮೇಲೆ ಮೇಘನಳ ಏದುಸಿರು ಸ್ವಲ್ಪ ಇಳಿಯಿತು. ಕಣ್ಣು ಬಿಟ್ಟು ಕೈ ಚಾಚಿದಳು. "ಅಪ್ಪ, ಎತ್ಕೊ."

ಇನ್ನೊಂದು ಸಲ ಸ್ನಾನ ಮಾಡಿದೆ. ಉಗುರು ಉಜ್ಜಿ ಉಜ್ಜಿ ರಕ್ತ ಬಂತು. ಆದರೂ ಒಳಗೆ ಹೋಗಲು ಧೈರ್ಯವಿಲ್ಲ. ಜಗಲಿಯಲ್ಲೇ ಕೂತಿದ್ದೇನೆ. ಕರೆಯುತ್ತಲೇ ಇದ್ದಾಳೆ. ಈಗ ಅಳು ಶುರು. ಅತ್ತರೂ ಅವಳಿಗೆ ಉಸಿರು ಕಟ್ಟುತ್ತದೆ. ಹೋಗಿ ಎತ್ತಿಕೊಂಡರೆ—